ಡೆನ್ಮಾರ್ಕ್ ಮೇಷ್ಟ್ರ ಹೆಂಡತಿಯ ಹೆಸರು

ಕೋಪನ್‌ಹೇಗನ್

ಡೆನ್ಮಾರ್ಕಿಗೆ ಕಾಲಿಟ್ಟ ದಿನ ನಮ್ಮತ್ತೆ ಮಾಡಿದ ಮೊದಲ ಕೆಲಸವೆಂದರೆ ಯಾರದೋ ಮಗುವನ್ನು ಕಾವಲು ಕಾದದ್ದು.

ವಿಮಾನ ಇಳಿದು ಬಂದಿದ್ದೆವು. ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಎದುರಿಗೇ ಒಂದು ಕಾಫಿ ಅಂಗಡಿ ಕಂಡಿತು. ಅದರ ಬಾಗಿಲ ಪಕ್ಕ, ಬೀದಿಯಲ್ಲೇ, ದೊಡ್ಡ ಚಕ್ರದ ಒಂದು ತಳ್ಳುಗಾಡಿ ನಿಂತಿತ್ತು. ಒಳಗೆ ಕೆಂಪು ಕೆನ್ನೆಯ ಕೂಸೊಂದು ಉಣ್ಣೆಯ ಟೋಪಿ ಹಾಕಿಕೊಂಡು ಗಾಢ ನಿದ್ದೆಯಲ್ಲಿತ್ತು. ಸುತ್ತಮುತ್ತ ಯಾರೂ ಇಲ್ಲ. ಅತ್ತೆ ನಿಂತಲ್ಲೇ ನಿಂತುಬಿಟ್ಟರು.

"ಅಯ್ಯೋ ಶಿವನೇ, ಮಗೀನ ಬೀದೀಲಿ ಬುಟ್ಬುಟ್ಟು ಓಗವ್ರಲ್ಲೇ! ಯಾವಳವ್ವ ಇದ್ರ ತಾಯಿ?"

ಈ ದೇಶದಲ್ಲಿ ಹಾಗೆಯೇ, ತಂಪು ಗಾಳಿಯಲ್ಲಿ ಮಲಗಿದರೆ ಮಕ್ಕಳಿಗೆ ಒಳ್ಳೆಯದೆಂದು ಹೊರಗೇ ಮಲಗಿಸುತ್ತಾರೆ, ತಾಯಿ ಕಿಟಕಿಯಿಂದ ನೋಡುತ್ತಲೇ ಇರುತ್ತಾಳೆ ಎಂದು ನಾನು ಓದಿಕೊಂಡು ಬಂದಿದ್ದನ್ನು ಒಪ್ಪಿಸಿದೆ. ಅತ್ತೆ ನಂಬಲಿಲ್ಲ.

"ನೀವ್ ಓಗಿ ಕುಡ್ಕಂಡ್ ಬನ್ನಿ. ನಾನಿಲ್ಲೇ ನಿಂತಿರ್ತೀನಿ."

ಒಳಗೆ ಕೂತು ನೋಡಿದರೆ, ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು ಹೊದ್ದ ಅತ್ತೆ ಗಾಡಿಯ ಹಿಡಿಯ ಮೇಲೊಂದು ಕೈಯಿಟ್ಟು, ಹೋಗುವ ಬರುವವರನ್ನೆಲ್ಲ ಕಳ್ಳರನ್ನು ನೋಡುವ ಹಾಗೆ ನೋಡುತ್ತಿದ್ದರು. ನಮ್ಮ ಹಿಂದಿನ ಮೇಜಿನಿಂದ ಒಬ್ಬ ಹುಡುಗಿ ಗಾಬರಿಯಾಗಿ ಎದ್ದು ಓಡಿದಳು. ನಾನೂ ಅವಳ ಹಿಂದೆಯೇ ಓಡಿ, ಇವರು ಕದಿಯಲು ಬಂದವರಲ್ಲ, ಕಾಯಲು ನಿಂತವರು ಎಂದು ಬಿಡಿಸಿ ಹೇಳಿದೆ. ಹುಡುಗಿ ನಗಲು ಶುರುಮಾಡಿದಳು. ಒಳಗೆ ಹೋಗಿ ತಾನೇ ಒಂದು ಲೋಟ ಕಾಫಿ ತಂದು ಅತ್ತೆಯ ಕೈಗಿಟ್ಟಳು. ಇಬ್ಬರೂ ಗಾಡಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಕುಡಿದರು.

"ಇಂಗೆಲ್ಲಾ ಬುಡಬಾರ್ದು ಕಣವ್ವ, ಕಣ್ಣಾಯ್ತದೆ," ಎಂದರು ಅತ್ತೆ. ಹುಡುಗಿ ತಲೆಯಾಡಿಸಿ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಅತ್ತೆಯೂ ತಲೆಯಾಡಿಸಿದರು.

ನಾವು ಮೂವರು ಅಲ್ಲಿಗೆ ಹೋದದ್ದೇಕೆ ಎಂದು ಹೇಳಬೇಕು. ಮಾವ ಚಿಕ್ಕೇಗೌಡರು ನನ್ನ ತಾಯಿಯ ಅಣ್ಣ. ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿ ಬೇಸಾಯ. ಅತ್ತೆ ಪುಟ್ಟಮ್ಮನ ತೌರು ಪಾಂಡವಪುರದ ಕಡೆ. ನಾನು ಬಾಬುರಾಯನಕೊಪ್ಪಲಿನಲ್ಲಿ ಮನೆ ಮಾಡಿಕೊಂಡು ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ನಮ್ಮೂರಿಗೆ ಪರದೇಶದವರು ಬರುವುದು ಕೋಟೆ, ಗೋರಿ ನೋಡುವುದಕ್ಕೆ. ಬಿಸಿಲಿಗೆ ಕೆಂಪಗಾಗಿ, ಟೋಪಿ ಹಾಕಿಕೊಂಡು, ಸತ್ತವರ ಮುಂದೆ ಕೈಕಟ್ಟಿ ನಿಲ್ಲುವ ಅವರನ್ನು ಕಂಡು ನಾವು ನಗುತ್ತಿದ್ದೆವು. ಈಗ ನಾವೇ ಅಂಥ ಕೆಲಸಕ್ಕೆ ಹೊರಟಿದ್ದೆವು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಸರಳ ಮದುವೆಯಾದರೂ, ವರದಕ್ಷಿಣೆಯಿಲ್ಲದ ಮದುವೆ, ಗಂಡ ಸತ್ತವಳ ಮದುವೆ, ಜಾತಿ ಬಿಟ್ಟ ಮದುವೆ ಏನೇ ಆದರೂ, ಅಲ್ಲಿ ನಮ್ಮ ಮಾವನ ಭಾಷಣ ಇರುತ್ತದೆ. ಅದು ಶುರುವಾಗುವುದು ಒಂದೇ ಥರ. "ನನಗಾಗ ಇಪ್ಪತ್ತೆರಡು ವರ್ಷ. ಡೆನ್ಮಾರ್ಕ್ ದೇಶದ ಒಬ್ಬ ಹಳ್ಳಿ ಮೇಷ್ಟ್ರು ಬರೆದ ಸಣ್ಣ ಪುಸ್ತಕ ಕೈಗೆ ಬಂತು. ಅದನ್ನು ಓದಿ ಒಬ್ಬ ವಿಧವೆಯನ್ನು ವರಿಸಿದೆ." ಆ ಮೇಷ್ಟ್ರ ಹೆಸರು ರಾಸ್ಮುಸ್. ನೂರು ವರ್ಷಕ್ಕೂ ಹಿಂದೆ ತನ್ನ ಹಳ್ಳಿಯ ರೈತರಿಗಾಗಿ ಬರೆದ ಪುಸ್ತಕವಂತೆ. ಗಂಡ ಸತ್ತ ಮಾತ್ರಕ್ಕೆ ಹೆಂಗಸಿನ ಪಾಲಿನ ಬದುಕು ಸಾಯುವುದಿಲ್ಲ, ಅವಳನ್ನು ಮಿಕ್ಕವಳಂತೆ ಕಾಣುವ ಊರು ಊರಲ್ಲ ಎಂಬುದು ಅದರ ಸಾರ. ನಾಗಮಂಗಲದ ಮೇಷ್ಟ್ರೊಬ್ಬರು ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರು. ಮಾವ ಅದನ್ನು ಓದಿದ ಕಾಲದಲ್ಲಿ ನಮ್ಮವರಲ್ಲಿ ಗಂಡ ಸತ್ತವಳಿಗೆ ಬೇಕಾದರೆ 'ಕೂಡಿಕೆ' ಮಾಡುತ್ತಿದ್ದರು. ಚಪ್ಪರವಿಲ್ಲ, ವಾಲಗವಿಲ್ಲ, ಹೆಂಡತಿ ಸತ್ತ ಯಾರಿಗೋ ಸದ್ದಿಲ್ಲದೆ ಕೂಡಿಸಿ ಕಳಿಸುವುದು. ಮದುವೆಯೇ ಆಗದ ಹುಡುಗ ಹಸೆಮಣೆ ಮೇಲೆ ಅಂಥವಳ ಪಕ್ಕ ಕೂರುತ್ತೇನೆ ಎಂದಾಗ ಶೀಳನೆರೆಯ ಮನೆ ಬಹಳ ವರ್ಷ ಅವನ ಜೊತೆ ಮಾತು ಬಿಟ್ಟಿತು.

ಅವರ ಮದುವೆಗೆ ಐವತ್ತು ವರ್ಷ ತುಂಬಿದಾಗ ಮಕ್ಕಳು ಏನು ಬೇಕಪ್ಪ ಎಂದು ಕೇಳಿದರು. ಮಾವ, ಮೇಷ್ಟ್ರ ಊರು ನೋಡಬೇಕು ಎಂದರು. ನಾನು ಆ ಊರಿನ ಗ್ರಂಥಾಲಯಕ್ಕೆ ಬರೆದೆ. ಕಾರೆನ್ ಎನ್ನುವವರು ಉತ್ತರಿಸಿದರು. ನಮ್ಮ ಮೇಷ್ಟ್ರ ಮಾತನ್ನು ಓದಿ ಬದುಕಿದವರು ಅಷ್ಟು ದೂರದಲ್ಲಿ ಇದ್ದಾರೆಂದು ಗೊತ್ತಿರಲಿಲ್ಲ, ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ, ಊರಿನವರಿಗೆ ನಾಲ್ಕು ಮಾತು ಹೇಳಿ ಎಂದರು.

ರೈಲಿನಲ್ಲಿ

ರೈಲು ಫ್ಯೂನ್ ಎಂಬ ದ್ವೀಪಕ್ಕೆ ಹೋಗುತ್ತದೆ. ದಾರಿಯಲ್ಲಿ ಸಮುದ್ರ. ಅದನ್ನು ಅರ್ಧ ನೀರಿನಡಿಯ ಸುರಂಗದಲ್ಲಿ ದಾಟಿಸಿ ಇನ್ನರ್ಧ ಸೇತುವೆಯ ಮೇಲೆ ದಾಟಿಸುತ್ತಾರೆ. ಕತ್ತಲ ಸುರಂಗ ಮುಗಿದು ಒಮ್ಮೆಗೇ ಎರಡೂ ಕಡೆ ನೀಲಿ ನೀರು ಕಂಡಾಗ ಅತ್ತೆ ಕಿಟಕಿಯ ಗಾಜಿಗೆ ಹಣೆ ಹಚ್ಚಿದರು.

"ಕನ್ನಂಬಾಡಿ ಕಟ್ಟೆ ತುಂಬ್ದಾಗ ಇಂಗೇ ಕಾಣೋದು. ಆದ್ರೆ ಇದ್ಕೆ ಆಚೆ ದಡಾನೇ ಇಲ್ವಲ್ಲ."

ದಡ ಬಂದ ಮೇಲೆ ನೋಡಬೇಕು, ಕಣ್ಣು ಹಾಯಿಸಿದಲ್ಲೆಲ್ಲ ಹಳದಿ ಹೂವಿನ ಹೊಲಗಳು. ಮೇ ತಿಂಗಳಲ್ಲಿ ಅಲ್ಲಿ ಎಣ್ಣೆಕಾಳಿನ ಬೆಳೆ ಹೂ ಬಿಡುವ ಕಾಲವಂತೆ. ಮಾವ ಎದ್ದೇ ನಿಂತರು.

"ಉಚ್ಚೆಳ್ಳು ಕಣಮ್ಮಿ!"

"ಉಚ್ಚೆಳ್ಳು ಯಾಕಾದದು? ಅದ್ರ ಹೂವು ಬ್ಯಾರೆ. ಇದು ಸಾಸಿವೆ ಜಾತೀದು."

"ಬಣ್ಣ ಅದೇ ಅಲ್ವಾ?"

"ಬಣ್ಣ ಅದೇ ಅಂತ ಎಳ್ಳಾಗೋಯ್ತದಾ?"

ಇಬ್ಬರೂ ಐದು ನಿಲ್ದಾಣದವರೆಗೆ ಇದನ್ನೇ ಮಾತಾಡಿದರು. ಬೋಗಿಯಲ್ಲಿ ಬೇರೆ ಯಾರೂ ಮಾತಾಡುತ್ತಿರಲಿಲ್ಲ. ಗಾಜಿನ ಮೇಲೆ ಬಾಯಿಯ ಮೇಲೆ ಬೆರಳಿಟ್ಟ ಚಿತ್ರವಿದ್ದುದನ್ನು ನಾನು ಇಳಿಯುವಾಗ ಕಂಡೆ. ಅದು ಸದ್ದು ಮಾಡಬಾರದ ಬೋಗಿಯಂತೆ. ಎದುರು ಕೂತಿದ್ದ ಮುದುಕರು ಒಂದು ಮಾತನ್ನೂ ಆಡದೆ, ನಾವು ಇಳಿಯುವಾಗ ಎದ್ದು ಅತ್ತೆಯ ಚೀಲ ಕೆಳಗಿಳಿಸಿ ಕೊಟ್ಟರು.

ಕಾರೆನ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಅರವತ್ತರ ಹೆಂಗಸು, ಬಿದಿರಿನ ಹಾಗೆ ಎತ್ತರ, ಬಿಳಿ ಕೂದಲಿಗೆ ಗಂಡಸರ ಕಟಿಂಗು, ಕಾಲಿಗೆ ಗದ್ದೆ ಕೆಲಸದ ರಬ್ಬರ್ ಬೂಟು. ಕೈ ಕುಲುಕಲು ಬಂದವರಿಗೆ ಮಾವ ಕೈ ಮುಗಿದರು. ಅವರು ಕೈ ಮುಗಿಯುವ ಹೊತ್ತಿಗೆ ಮಾವ ಕೈ ಚಾಚಿದ್ದರು. ಎರಡು ಮೂರು ಸಲ ಹೀಗೇ ತಪ್ಪಿ, ಕೊನೆಗೆ ಅತ್ತೆ ಕಾರೆನ್ ಅವರ ಎರಡೂ ಕೈ ಹಿಡಿದುಕೊಂಡು ಅದನ್ನು ಮುಗಿಸಿದರು.

ಅಲ್ಲಿ ಸಂಜೆಯೆಂಬುದು ಮುಗಿಯುವುದೇ ಇಲ್ಲ. ಊಟ ಆಗಿ, ಪಾತ್ರೆ ತೊಳೆದಿಟ್ಟರೂ ಬೆಳಕು ನಮ್ಮ ಐದು ಗಂಟೆಯ ಬೆಳಕಿನ ಹಾಗೇ ಇತ್ತು. ಮೇಜಿನ ಮೇಲೆ ಮಾತ್ರ ಮೇಣದ ಬತ್ತಿ ಹಚ್ಚಿಟ್ಟಿದ್ದರು. ಕರೆಂಟು ಹೋಗಿದೆಯೆಂದುಕೊಂಡು ಮಾವ ಸ್ವಿಚ್ಚು ಹಾಕಿ ನೋಡಿದರು. ಇತ್ತು. ಕಾರೆನ್ ನಕ್ಕು, ಸುಮ್ಮನೆ ಚೆನ್ನಾಗಿರುತ್ತದೆಂದು ಹಚ್ಚುತ್ತೇವೆ ಎಂದರು. ಅತ್ತೆಗೆ ಇದು ಬಹಳ ಹಿಡಿಸಿತು. ಕಪ್ಪಗೆ ಇಟ್ಟಿಗೆಯಂತಿದ್ದ ಅಲ್ಲಿನ ರೊಟ್ಟಿ ಮಾತ್ರ ಹಿಡಿಸಲಿಲ್ಲ. ಮಾವ ಅದನ್ನು ಮೂರು ತುಂಡು ತಿಂದು, ರಾಗಿಯ ದಾಯಾದಿ ಎಂದು ತೀರ್ಪು ಕೊಟ್ಟರು.

ಮೇಷ್ಟ್ರ ಮನೆ

ಮಾರನೇ ದಿನ ಮೇಷ್ಟ್ರ ಮನೆಗೆ ಹೋದೆವು. ಮರದ ತೊಲೆಗಳ ನಡುವೆ ಹಳದಿ ಸುಣ್ಣ ಬಳಿದ ಗೋಡೆ, ತಲೆ ಬಗ್ಗಿಸಿ ಹೋಗುವ ಬಾಗಿಲು, ಮೇಲೆ ದಪ್ಪನೆಯ ಹುಲ್ಲಿನ ಸೂರು. ಮಾವ ಸೂರಿನ ಅಂಚನ್ನು ಮುಟ್ಟಿ ನೋಡಿದರು. ಆಮೇಲೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ಇಲ್ಲಿ ಬಿಡಬೇಕಾಗಿಲ್ಲ ಎಂದು ಕಾರೆನ್ ಹೇಳಿದರೂ ಕೇಳಲಿಲ್ಲ. ಕಾಲುಚೀಲದಲ್ಲೇ, ಮೆಲ್ಲಗೆ, ದೇವಸ್ಥಾನದ ಪ್ರಾಕಾರದಲ್ಲಿ ನಡೆಯುವ ಹಾಗೆ ನಡೆದರು.

ಒಳಗೆ ಮೇಷ್ಟ್ರ ಮೇಜು ಇತ್ತು, ಕನ್ನಡಕ ಇತ್ತು, ಊರುಗೋಲು, ಟೋಪಿ, ಶಾಲೆಯ ಗಂಟೆ ಇತ್ತು. ಗೋಡೆಯ ಮೇಲೆ ಅವರ ದೊಡ್ಡ ಚಿತ್ರ. ಗಡ್ಡದ, ತುಸು ಮುನಿಸಿನ ಮುಖ. ಮಾವ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ತುಟಿ ಅಲುಗುತ್ತಿತ್ತು. ಕಾರೆನ್ ನನ್ನನ್ನು ಪಕ್ಕಕ್ಕೆ ಕರೆದು, ಅವರ ಪುಸ್ತಕವನ್ನು ಈಗ ಇಲ್ಲಿ ಓದುವವರು ಕಡಿಮೆ, ಮಕ್ಕಳಿಗೆ ಇವರು ಒಂದು ಬಸ್ ನಿಲ್ದಾಣದ ಹೆಸರು ಅಷ್ಟೇ ಎಂದರು. ಅದನ್ನು ನಾನು ಮಾವನಿಗೆ ಹೇಳಲಿಲ್ಲ.

ಅತ್ತೆಗೆ ಮೇಜು, ಕನ್ನಡಕ ಬೇಕಿರಲಿಲ್ಲ. ಅವರು ಸೀದಾ ಅಡಿಗೆಮನೆಗೆ ಹೋಗಿದ್ದರು. ಇದ್ದಿಲು ಕಪ್ಪಿನ ಒಲೆ, ತಾಮ್ರದ ಪಾತ್ರೆಗಳು, ಒಂದು ರಾಟೆ, ಮೂಲೆಯಲ್ಲಿ ತೊಟ್ಟಿಲು. ಒಲೆಯ ಮುಂದಿನ ನೆಲದ ಕಲ್ಲು ಸವೆದು ಹಳ್ಳ ಬಿದ್ದಿತ್ತು. ಅತ್ತೆ ಆ ಹಳ್ಳದಲ್ಲಿ ಪಾದವಿಟ್ಟು ನಿಂತು ಒಲೆಯ ಕಡೆ ನೋಡಿದರು. ಅವರ ಅಳತೆಗೆ ಸರಿಯಾಗಿತ್ತು.

"ಈವಮ್ಮನ ಹೆಸರೇನಂತೆ ಕೇಳವ್ವ," ಎಂದರು.

"ಯಾರದ್ದು ಅತ್ತೆ?"

"ಮೇಷ್ಟ್ರ ಎಂಡ್ತೀದು. ಆ ತೊಟ್ಲಲ್ಲಿ ಮಕ್ಳ ತೂಗಿ, ಇಲ್ಲಿ ನಿಂತ್ಕಂಡು ಬೇಯ್ಸಿ ಆಕವ್ಳಲ್ಲ, ಅವ್ಳ್ದು."

ಕೇಳಿದೆ. ಕಾರೆನ್ ತಮಗೆ ತಿಳಿದಷ್ಟು ಹೇಳಿದರು. ಮೇಷ್ಟ್ರಿಗೆ ಮದುವೆಯಾಗಿತ್ತು, ಮಕ್ಕಳಿದ್ದರು, ಹೆಂಡತಿ ಹತ್ತಿರದ ಹಳ್ಳಿಯವರು. ಹೆಸರು ಗೊತ್ತಿಲ್ಲ. ಅವರ ಕೆನ್ನೆ ಕೆಂಪಾಯಿತು. ಇಷ್ಟು ವರ್ಷದಿಂದ ಈ ಮನೆ ತೋರಿಸುತ್ತಿದ್ದೇನೆ, ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಹೊರಗೆ ಹೋದರು.

ಸೇಬಿನ ಮರದ ಕೆಳಗೆ

ಮನೆಯ ಹಿಂದೆ ಸೇಬಿನ ಮರವಿತ್ತು. ಹೂ ಬಿಟ್ಟಿತ್ತು. ಅದರ ಕೆಳಗಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಮಾವ ಪಕ್ಕದಲ್ಲಿ ಹೋಗಿ ಕೂತರು. ನಾನು ಸ್ವಲ್ಪ ದೂರದಲ್ಲಿ ನಿಂತೆ. ದೂರ ಸಾಲದು ಎಂದು ಆಮೇಲೆ ಗೊತ್ತಾಯಿತು.

"ಯಾಕಮ್ಮಿ, ಸುಸ್ತಾಯ್ತಾ?"

"ಊರೆಲ್ಲಾ ಎಂಗಸ್ರ ಪರ ಬರ್ದೋರು. ಅವ್ರ ಎಂಡ್ತಿ ಹೆಸರ ಅವ್ರ ಮನೇಲೇ ಯಾರ್ಗೂ ಗೊತ್ತಿಲ್ಲ."

"ಅದು ಅವ್ರ ತಪ್ಪಲ್ಲ. ಆಮೇಲ್‌ನೋರು ಮರ್ತವ್ರೆ."

"ನಿಮ್ಮ ಭಾಸಣದಲ್ಲಿ ನನ್ನ ಹೆಸರು ಎಲ್ಲೈತೆ?"

ಮಾವ ತಿರುಗಿ ನೋಡಿದರು.

"ಐವತ್ತು ವರ್ಸ ಕೇಳಿವ್ನಿ. ಒಬ್ಬ ವಿಧವೆಯನ್ನು ವರಿಸಿದೆ. ಒಬ್ಬ ವಿಧವೆಯನ್ನು ವರಿಸಿದೆ. ನಾನು ಮುಂದಿನ ಸಾಲ್ನಲ್ಲಿ ತಲೆ ತುಂಬ ಹೂ ಮುಡ್ಕಂಡು ಕುಂತಿರ್ತೀನಿ. ಕಣ್ಮುಂದೆ ಗಂಡ ನಿಂತವ್ನೆ. ಮೈಕಲ್ಲಿ ನಾನಿನ್ನೂ ವಿಧವೆ."

ಅತ್ತೆಯ ದನಿ ಏರಿರಲಿಲ್ಲ. ರೈಲಿನಲ್ಲಿ ಹುಚ್ಚೆಳ್ಳಿನ ವಿಚಾರ ಮಾತಾಡಿದ ದನಿಯೇ.

"ಅವತ್ತು ನಮ್ಮಣ್ಣ ಬಂದು ಏನಂದ ಗೊತ್ತಾ? ಒಬ್ಬ ಓದ್ದೋನು ದೊಡ್ಡ ಮನ್ಸು ಮಾಡವ್ನೆ ಕಣಮ್ಮಿ, ನಿನ್ ಪುಣ್ಯ ಅಂದ. ನಂಗೆ ಒಪ್ಗೆನಾ ಅಂತ ಯಾರೂ ಕೇಳ್ಲಿಲ್ಲ. ದೊಡ್ಡ ಮನ್ಸು. ನಿಮ್ ಸ್ಟೇಜಿನ ಮ್ಯಾಲೆ ಹಾರ ಹಾಕೋರೆಲ್ಲ ಅದೇ ಅಂತಾರೆ. ನೀವು ಬಯ್ದಾಗ ಒಂದೊಂದ್ಸತಿ ತಿರುಗಿ ಬಯ್ಬೇಕು ಅನ್ನಿಸ್ತಿತ್ತು. ದೊಡ್ಡ ಮನ್ಸು ಮಾಡ್ದೋರ್ನ ಎಂಗೆ ಬಯ್ಯದು ಅಂತ ಸುಮ್ಕಾಯ್ತಿದ್ದೆ."

ಗಾಳಿ ಬೀಸಿ ಸೇಬಿನ ಎಸಳು ಉದುರಿತು. ಮಾವನ ಟವೆಲ್ಲಿನ ಮೇಲೂ ಬಿತ್ತು.

"ಒಂದೇ ಮಾತು ಕೇಳ್ತೀನಿ. ಆ ಪುಸ್ತಕ ಓದ್ದೇ ಇದ್ದಿದ್ರೆ ನನ್ನ ಕಟ್ಕತಿದ್ರಾ?"

ನಾಲ್ಕು ತಾಲ್ಲೂಕಿನಲ್ಲಿ ಮೈಕಿನ ಮುಂದೆ ಒಂದು ದಿನವೂ ತಡವರಿಸದ ಮನುಷ್ಯ. ಬಾಯಿ ತೆರೆದು, "ಅದೆಂಗೆ ಏಳದು... ಪುಸ್ತಕ ಇಲ್ದೆ..." ಎಂದು ನಿಲ್ಲಿಸಿದರು. ಅತ್ತೆ ಎದ್ದರು. ಸೀರೆಯ ಮೇಲಿನ ಎಸಳು ಕೊಡವಿಕೊಂಡರು.

"ಬುಡಿ. ಅವ್ರು ಬೀಗ ಆಕಬೇಕೇನೋ, ನಡೀರಿ."

ಆ ಸಂಜೆ ಅತ್ತೆ ಕಾರೆನ್ ಜೊತೆ ಅವರ ಹಿತ್ತಿಲಲ್ಲಿ ಆಲೂಗಡ್ಡೆ ಪಾತಿಯ ಕಳೆ ಕಿತ್ತರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಕೆಲಸ ಚೆನ್ನಾಗಿ ಸಾಗಿತು. ಮಾವ ಕಿಟಕಿಯಲ್ಲಿ ಕೂತು ಅವರನ್ನೇ ನೋಡುತ್ತಿದ್ದರು. ನಾಳೆ ಏನು ಮಾತಾಡುತ್ತೀರಿ ಮಾವ, ಸ್ವಲ್ಪ ಹೇಳಿದರೆ ಇಂಗ್ಲಿಷಿನಲ್ಲಿ ಅಣಿ ಮಾಡಿಕೊಳ್ಳುತ್ತೇನೆ ಎಂದೆ. "ನಿಂಗೇ ಬಾಯ್ಪಾಠ ಅಲ್ವಾ ಮಗ," ಎಂದರು. ಅದೂ ನಿಜ. ನನ್ನ ಮದುವೆಯಲ್ಲೂ ಅದೇ ಭಾಷಣ. ಕಾಲೇಜಿನ ಹುಡುಗಿಯರಿಗೆ ನಾನೂ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ಬಂದವಳು. ಆ ಕಥೆಯಲ್ಲಿ ಅತ್ತೆ ಎಲ್ಲಿದ್ದಾರೆ ಎಂದು ಹುಡುಕಿದೆ. 'ಒಬ್ಬ ವಿಧವೆ' ಎಂಬ ಎರಡು ಪದದಲ್ಲಿದ್ದರು.

ಚರ್ಚಿನ ತೋಟ

ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಕಾರೆನ್ ಮನೆಯಲ್ಲಿರಲಿಲ್ಲ. ಬಂದಾಗ ಬೂಟಿನ ತುಂಬ ಮಣ್ಣು, ಕೈಯಲ್ಲಿ ಹಸಿರು ಪಾಚಿ. ಬನ್ನಿ, ಸಿಕ್ಕಿದರು ಎಂದರು.

ಅಲ್ಲಿ ಹೂಳುವ ಜಾಗ ತೋಟದ ಹಾಗಿರುತ್ತದೆ. ಒಬ್ಬೊಬ್ಬರ ಸುತ್ತ ಮೊಣಕಾಲೆತ್ತರದ ಹಸಿರು ಬೇಲಿ, ಗೆರೆ ಬರುವ ಹಾಗೆ ಗುಡಿಸಿದ ಜಲ್ಲಿ, ನೀರು ಹಾಕಲು ಸಾಲಾಗಿ ತೂಗುಹಾಕಿದ ಡಬ್ಬಗಳು. ಮೇಷ್ಟ್ರ ಸಮಾಧಿ ಚರ್ಚಿನ ಬಾಗಿಲಲ್ಲೇ ಇತ್ತು. ದೊಡ್ಡ ಕಲ್ಲು, ಚಿನ್ನದ ಬಣ್ಣದ ಅಕ್ಷರ. ಮಾವ ಬಗ್ಗಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾರೆನ್ ಅಲ್ಲಿ ನಿಲ್ಲದೆ ನಮ್ಮನ್ನು ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು.

ಅಲ್ಲಿ ಹಳೆಯ ಕಲ್ಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ನೋಡಿಕೊಳ್ಳುವ ಮನೆಯವರು ಇಲ್ಲದಾದರೆ ಜಾಗವನ್ನು ಬೇರೆಯವರಿಗೆ ಕೊಟ್ಟು, ಕಲ್ಲನ್ನು ಇಲ್ಲಿ ತಂದಿಡುತ್ತಾರಂತೆ. ಮೇಷ್ಟ್ರು ಹೋಗಿ ಬಹಳ ವರ್ಷದ ಮೇಲೆ ಹೆಂಡತಿ ತೀರಿಕೊಂಡಿದ್ದರು. ಅವರನ್ನು ಬೇರೆ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಕಾರೆನ್ ಒಂದೊಂದೇ ಕಲ್ಲಿನ ಪಾಚಿ ಕೆರೆದು ಓದುತ್ತಾ ಬಂದು ಕೊನೆಗೆ ಇದನ್ನು ಕಂಡಿದ್ದರು. ಗಿಡ್ಡ ಕಲ್ಲು. ನಮ್ಮಲ್ಲಿ ಹೊಸ್ತಿಲಿಗೆ ಹಾಕುವಷ್ಟು.

"ಆನೆ," ಎಂದು ಓದಿದರು ಕಾರೆನ್.

ಅತ್ತೆ ನನ್ನ ಮುಖ ನೋಡಿದರು. "ಆನೆಯಾ?"

"ಹೂಂ ಅತ್ತೆ. ಇಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರಂತೆ."

"ಆನೆ," ಎಂದರು ಅತ್ತೆ. ಇನ್ನೊಂದು ಸಲ ಅಂದರು. ಮುಖದಲ್ಲಿ ನಗು ಬಂತು. "ಒಳ್ಳೆ ಹೆಸರು."

ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಅದೇನು ಎಂದು ಅತ್ತೆ ಕೇಳಿದರು. ಕಾರೆನ್ ನನ್ನ ಕಡೆ ನೋಡಿ ತುಸು ತಡೆದು ಹೇಳಿದರು. ನಾನೂ ತಡೆದೇ ಕನ್ನಡಕ್ಕೆ ತಂದೆ. ಮೇಷ್ಟ್ರು ರಾಸ್ಮುಸ್ ಅವರ ವಿಧವೆ.

ಅತ್ತೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಕ್ಷರಗಳ ಸಂದಿಯಲ್ಲಿ ಉಳಿದಿದ್ದ ಪಾಚಿಯನ್ನು ಉಗುರಿನಿಂದ ತೆಗೆಯತೊಡಗಿದರು. ಹೆಸರಿನದಷ್ಟೇ ತೆಗೆದರು. ಕೆಳಗಿನ ಸಾಲನ್ನು ಹಾಗೇ ಬಿಟ್ಟರು.

"ಸತ್ತ ಮ್ಯಾಲೂ ಬುಡ್ಲಿಲ್ವಲ್ಲ ಕಣವ್ವ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಮಾವ ನಮ್ಮ ಹಿಂದೆ ನಿಂತಿದ್ದರು. ತಿರುಗಿ ನೋಡಿದರೆ ಅವರ ಕಣ್ಣು ಆ ಕೆಳಗಿನ ಸಾಲಿನ ಮೇಲಿತ್ತು, ಅವರಿಗೆ ಓದಲು ಬಾರದ ಸಾಲು.

ಗ್ರಂಥಾಲಯ

ಸಂಜೆ ಗ್ರಂಥಾಲಯದಲ್ಲಿ ಒಂದಿಪ್ಪತ್ತು ಜನ ಸೇರಿದ್ದರು. ಬಹಳ ಮಂದಿ ವಯಸ್ಸಾದವರು. ಹಗಲ ಬೆಳಕಿನಲ್ಲೇ ಮೇಣದ ಬತ್ತಿಗಳು, ಹಿಂದಿನ ಮೇಜಿನಲ್ಲಿ ಕಾಫಿಯ ದೊಡ್ಡ ಫ್ಲಾಸ್ಕುಗಳು, ಯಾರೋ ಮಾಡಿ ತಂದ ಕೇಕು. ಮೊದಲು ಎಲ್ಲರೂ ಸೇರಿ ಒಂದು ಹಾಡು ಹೇಳಿದರು. ಅಲ್ಲಿ ಯಾವ ಸಭೆಯಾದರೂ ಹಾಡಿನಿಂದಲೇ ಶುರುವಂತೆ. ಚೆನ್ನಾಗಿ ಹಾಡುವವರೂ ಹಾಡಲು ಬಾರದವರೂ ಒಂದೇ ಧೈರ್ಯದಿಂದ ಹಾಡಿದರು.

ಮಾವ ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎದ್ದು ನಿಂತರು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳುವುದು, ನಾನು ಹೇಳಿದ್ದನ್ನು ಕಾರೆನ್ ಡೇನಿಶ್ ಭಾಷೆಯಲ್ಲಿ ಹೇಳುವುದು ಎಂದು ಮಾತಾಗಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ಇಬ್ಬರು ಮುದುಕಿಯರ ನಡುವೆ ಕೂತಿದ್ದರು. ಕೈ ಮಡಿಲಲ್ಲಿತ್ತು, ಕಣ್ಣು ಮೇಣದ ಬತ್ತಿಯ ಮೇಲೆ.

"ಮಾನ್ಯರೇ," ಎಂದರು ಮಾವ ತಮ್ಮ ವೇದಿಕೆಯ ಕನ್ನಡದಲ್ಲಿ. "ನನಗಾಗ ಇಪ್ಪತ್ತೆರಡು ವರ್ಷ. ನಿಮ್ಮೂರಿನ ಮೇಷ್ಟ್ರು ಬರೆದ ಒಂದು ಸಣ್ಣ ಪುಸ್ತಕ ನನ್ನ ಕೈಗೆ ಬಂತು."

ನಾನು ಹೇಳಿದೆ. ಕಾರೆನ್ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಮುಂದಿನ ವಾಕ್ಯ ನನಗೆ ಗೊತ್ತಿತ್ತು. ಅದರ ಇಂಗ್ಲಿಷು ಆಗಲೇ ನಾಲಿಗೆಯ ಮೇಲಿತ್ತು.

"ಅದನ್ನು ಓದಿ ಒಬ್ಬ..." ಎಂದ ಮಾವ ಮಾತು ನಿಲ್ಲಿಸಿದರು.

ಮಾವ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

"ಇಲ್ಲ ಮಗ. ಅದಂಗಲ್ಲ," ಎಂದರು. ಆ ದನಿ ವೇದಿಕೆಯದಲ್ಲ, ಶೀಳನೆರೆಯ ಜಗಲಿಯದು. "ಪುಸ್ತಕ ಆಮೇಲೆ ಬಂದಿದ್ದು. ಮೊದ್ಲು ಬಂದಿದ್ದು ನಾಲೆ."

ನಾನು ಅನುವಾದ ಮರೆತು ಅವರನ್ನೇ ನೋಡಿದೆ.

"ಪಾಂಡವಪುರದಲ್ಲಿ ಆಸ್ಟೆಲ್‌ನಲ್ಲಿದ್ದೆ. ಭಾನುವಾರ ನಾಲೆಗೆ ಓಗಿ ಬಟ್ಟೆ ಒಗೀತಿದ್ದೆ. ಒಂದಿನ ನನ್ನ ಅಂಗಿ ಕೈ ತಪ್ಪಿ ತೇಲ್ಕಂಡ್ ಓಗ್ಬುಡ್ತು. ಕೆಳ್ಗಡೆ ಕಲ್ ತಾವ ಒಂದ್ ಉಡ್ಗಿ ಬಟ್ಟೆ ಸೆಣೀತಿದ್ಲು. ಕೈ ಬೋಳು, ಹಣೆ ಬೋಳು. ನೀರಿಗಿಳ್ದು ಅಂಗಿ ಇಡ್ಕಂಡ್ಲು. ಇಂಡಿದ್ಲು, ಕೊಡವಿದ್ಲು, ಎರಡೂ ತೋಳ ಅಗಲ ಮಾಡಿ ಬಂಡೆ ಮ್ಯಾಲೆ ಹರವಿ, ತಲೆ ಎತ್ತಿ ನೋಡ್ದೇನೆ ಹೊಂಟೋದ್ಲು. ಅವಳ್ ಹೆಸರು ಪುಟ್ಟಮ್ಮ."

ಅತ್ತೆಯ ಕಣ್ಣು ಬತ್ತಿಯಿಂದ ಮೇಲೆದ್ದಿತ್ತು. ಆ ಕೋಣೆಯಲ್ಲಿ ಅಷ್ಟು ಜನರಿದ್ದರೂ ಮಾವ ಹೇಳಿದ್ದು ಆಗ ತಲುಪಿದ್ದು ನನ್ನನ್ನು ಬಿಟ್ಟರೆ ಅವರೊಬ್ಬರಿಗೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕಾರೆನ್ ಹೇಳಿದರು. ಅಂಗಿ ತೇಲಿ ಹೋದದ್ದಕ್ಕೆ ಸಭೆ ನಕ್ಕಿದ್ದು ಎಷ್ಟೋ ಹೊತ್ತಿನ ಮೇಲೆ.

"ಆಮೇಲೆ ಪ್ರತಿ ಭಾನುವಾರ ಓದೆ," ಎಂದರು ಮಾವ. "ಅವಳ್ನೇ ಮದುವೆ ಆಗ್ಬೇಕು ಅನ್ನಿಸ್ತು. ಸ್ನೇಹಿತ್ರ ಕೇಳಿದ್ರೆ ನಕ್ರು. ಎದ್ರಿಕೆ ಆಯ್ತು. ಪ್ರಪಂಚದಲ್ಲಿ ಯಾರಾದ್ರೂ ಒಬ್ರು, ಇದು ಸರಿ ಅಂತ ಹೇಳವ್ರಾ ಅಂತ ನಾಗಮಂಗಲದ ಮೇಷ್ಟ್ರ ಕೇಳ್ದೆ. ಅವರು ನಿಮ್ಮ ಮೇಷ್ಟ್ರ ಪುಸ್ತಕ ಕೊಟ್ರು. ಅದ್ನ ಎದೆ ಮ್ಯಾಲೆ ಇಟ್ಕಂಡು ಮಲಗ್ತಿದ್ದೆ. ಮನೇಲಿ ನಿಂತು ಮಾತಾಡೋ ಧೈರ್ಯ ಬಂತು. ನಿನ್ನೆ ಇವ್ಳು ಕೇಳಿದ್ಲು, ಆ ಪುಸ್ತಕ ಓದ್ದೇ ಇದ್ದಿದ್ರೆ ಅಂತ. ಓದ್ದೇ ಇದ್ದಿದ್ರೆ ಆಸೆ ಇರ್ತಿತ್ತು. ಧೈರ್ಯ ಇರ್ತಿತ್ತೋ ಇಲ್ವೋ, ಸುಳ್ಳು ಹೇಳಲ್ಲ, ಇರ್ತಿರಲಿಲ್ಲ ಅನ್ಸತ್ತೆ. ಆಸೆ ವಿಚಾರ ನಾಲ್ಕ್ ಜನದ ಮುಂದೆ ಹೇಳಕ್ಕೆ ನಾಚ್ಕೆ. ಅದ್ಕೆ ಐವತ್ತು ವರ್ಸ ಪುಸ್ತಕದ ವಿಚಾರ ಹೇಳ್ದೆ. ದೊಡ್ಡ ಮನ್ಸು ಮಾಡಿದ್ದು ನಾನಲ್ಲ. ನಂಗೆ ಇವ್ಳು ಬೇಕಾಗಿದ್ಲು. ಅಷ್ಟೇಯ."

'ನನಗೆ ಇವಳು ಬೇಕಾಗಿದ್ದಳು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಬಗೆ ಇದೆ. ಮೂರೂ ಸರಿಯೆನಿಸಲಿಲ್ಲ. ಒಂದನ್ನು ಹೇಳಿದೆ. ಕಾರೆನ್ ಅದನ್ನು ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ತಮ್ಮ ಭಾಷೆಯಲ್ಲಿ ಬಹಳ ಚಿಕ್ಕದಾಗಿ ಏನೋ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತ್ತೆಯ ಪಕ್ಕದ ಮುದುಕಿ ಅವರ ಕೈ ಮೇಲೆ ಕೈಯಿಟ್ಟಳು. ಎಲ್ಲರೂ ಅತ್ತೆಯ ಕಡೆ ನೋಡುತ್ತಿದ್ದರು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಸಭೆಯ ಕಡೆ ತಿರುಗಲಿಲ್ಲ. ಮಾವನನ್ನು ನೋಡಿ ಹೇಳಿದರು.

"ಇಷ್ಟ್ ಮಾತ್ನ ಏಳಕ್ಕೆ ಸಮುದ್ರ ದಾಟ್ಬೇಕಾಗಿತ್ತಾ? ಅಂಗಿ ಕೈ ತಪ್ತಂತೆ, ಕೈ ತಪ್ತು! ನೀವು ಬೇಕಂತ ನೀರಿಗೆ ಬುಟ್ಟಿದ್ದ ನಾನ್ ನೋಡಿವ್ನಿ. ನೋಡಿದ್ಕೇ ಇಳಿದ್ ಇಡ್ದಿದ್ದು. ನೀವು ಮೈಕಲ್ಲಿ ಬ್ಯಾರೆ ಏಳಿ ಏಳಿ, ಅದು ನಾನೇ ಕಟ್ಕಂಡ ಕನಸೇನೋ ಅನ್ನಿಸ್ಬುಟ್ಟಿತ್ತು."

ಮಾವ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು. ಭುಜ ಅಲ್ಲಾಡುತ್ತಿತ್ತು, ನಗುವೋ ಅಳುವೋ ತಿಳಿಯಲಿಲ್ಲ. ಕಾರೆನ್ ಪೆನ್ನು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟೂ ಜನರೂ ನೋಡುತ್ತಿದ್ದರು.

ಅತ್ತೆ ನನ್ನ ಕಡೆ ತಿರುಗಿದರು. "ಇದ ಇಂಗ್ಲಿಷ್ ಮಾಡ್ಬ್ಯಾಡ ಕಣವ್ವ."

ಕಾಫಿ ಆರಿ ಹೋಗುತ್ತದೆ ಎನ್ನುತ್ತಿದ್ದಾರೆ ಎಂದೆ. ಕಾರೆನ್ ಅದನ್ನು ಡೇನಿಶ್‌ಗೆ ತಂದರು. ಅಲ್ಲಿಯವರು ಶಿಸ್ತಿನ ಜನ, ಎಲ್ಲರೂ ಕುರ್ಚಿ ಸರಿಸಿ ಎದ್ದು ಹಿಂದಿನ ಮೇಜಿನ ಕಡೆ ಹೋದರು. ಅತ್ತೆ ಖಾಲಿಯಾದ ಸಾಲಿನಿಂದ ಒಂದು ಕುರ್ಚಿ ಎಳೆದುಕೊಂಡು ಹೋಗಿ ಮಾವನ ಪಕ್ಕಕ್ಕೆ ಹಾಕಿಕೊಂಡು ಕೂತರು.